ಹೆಸರಿಲ್ಲದ ತಾಟು

ಬೆಳಗಿನ ಎಂಟೂವರೆಯಾದರೂ ಪೇಪರು ಕಟ್ಟೆಯ ಮೇಲೆ ಮಡಚಿದಂತೆಯೇ ಬಿದ್ದಿತ್ತು. ರೊಟ್ಟಿ ಬಡಿಯುತ್ತಿದ್ದ ವಿಮಲಾಬಾಯಿ ಹಿಟ್ಟಿನ ಕೈಯಲ್ಲೇ ಎರಡು ಸಲ ಬಾಗಿಲಿಗೆ ಬಂದು ನೋಡಿ ಹೋದರು. ಎದುರು ಮನೆಯ ಪೀರಪ್ಪನವರು ಬಂದಿರಲಿಲ್ಲ. ಗಂಡ ಕಲ್ಯಾಣಪ್ಪನವರು ಕಟ್ಟೆಯ ಒಂದು ತುದಿಗೆ ಕೂತು ಖಾಲಿಯಾದ ಇನ್ನೊಂದು ತುದಿಯನ್ನು ನೋಡುತ್ತಿದ್ದರು.

ಜೇವರ್ಗಿ ಕಾಲೋನಿಯ ಆ ಓಣಿಯಲ್ಲಿ ಇದು ಇಪ್ಪತ್ತೈದು ವರ್ಷದಲ್ಲಿ ಆಗದ ಮಾತು. ಕಲ್ಯಾಣಪ್ಪನವರದು ಸೂಪರ್ ಮಾರ್ಕೆಟ್ಟಿನಲ್ಲಿ ಬಟ್ಟೆ ಅಂಗಡಿ. ಸಕ್ಕರೆ ಕಾಯಿಲೆಯಿಂದ ಕಣ್ಣು ಮಂಜಾದ ಮೇಲೆ ಅದನ್ನು ಮಗ ಮಲ್ಲು ನೋಡಿಕೊಳ್ಳುತ್ತಾನೆ. ಪೀರಪ್ಪನವರು ವಿದ್ಯುತ್ ಇಲಾಖೆಯಲ್ಲಿ ಲೈನ್‌ಮನ್ ಆಗಿದ್ದು ನಿವೃತ್ತರಾದವರು. ಇವರದು ವಿಭೂತಿಯ ಮನೆ, ಅವರದು ಗೋಡೆಯ ಮೇಲೆ ಬುದ್ಧನ ಪಟವಿರುವ ಮನೆ. ಇವರದು ಒಂದು ಪಕ್ಷ, ಅವರದು ಇನ್ನೊಂದು. ಪೇಪರಿನ ದುಡ್ಡು ಕಲ್ಯಾಣಪ್ಪನವರದು, ಓದುವ ದನಿ ಪೀರಪ್ಪನವರದು, ಜಗಳ ಇಬ್ಬರದೂ.

"ನಿಮ್ಮವ ಏನ್ ಹೇಳ್ಯಾನ ಕೇಳ್ರಿ ಸಾವ್ಕಾರ್ರ" ಎಂದು ಅವರು ಶುರು ಮಾಡುತ್ತಿದ್ದರು.

"ನಿಮ್ಮವ ಮೊದಲ ನಮ್ಮ ಓಣಿಗಿ ನೀರು ಬಿಡಸಲಿ ಪೀರಪ್ಪ, ಆಮ್ಯಾಲ ದಿಲ್ಲಿ ಮಾತಾಡ್ಲಿ" ಎಂದು ಇವರು ಮುಂದುವರಿಸುತ್ತಿದ್ದರು.

ಇಬ್ಬರ ನಡುವೆ ಒಂದು ಕರಾರೂ ಇತ್ತು. ದೊಡ್ಡ ಚುನಾವಣೆ ಯಾವುದೇ ಇರಲಿ, ಗೆದ್ದವರ ಮನೆಯಲ್ಲಿ ಸೋತವರಿಗೆ ಹೋಳಿಗೆ ಊಟ. ಗೆದ್ದವರೇ ಕರೆಯಬೇಕು, ಗೆದ್ದವರೇ ಬಡಿಸಬೇಕು. ಸೋತವರು ಹೊಟ್ಟೆತುಂಬ ಉಂಡು, "ಮುಂದಿನ ಸಲ ನಮ್ಮನ್ಯಾಗ" ಎಂದು ಎದ್ದು ಬರಬೇಕು. ಓಣಿಯ ಜನ ಇದನ್ನು ನೆಂಟರಿಗೆ ಕಥೆಯಾಗಿ ಹೇಳುತ್ತಿದ್ದರು.

ಅಷ್ಟರಲ್ಲಿ ಮಲ್ಲು ಫೋನು ಹಿಡಿದು ಅಡುಗೆಮನೆಗೆ ಬಂದ. ಮತದಾನಕ್ಕೆ ಎಂಟು ದಿನ ಉಳಿದಿತ್ತು.

ಹಿಂದಿನ ಸಂಜೆ ಅವನು ಓಣಿಯ ವಾಟ್ಸಾಪ್ ಗುಂಪಿಗೆ ಒಂದು ಚಿತ್ರ ಕಳಿಸಿದ್ದ. ಬಟ್ಟಲು ಹಿಡಿದು ಸಾಲಾಗಿ ನಿಂತ ಜನ, ಮೇಲೆ "ಪುಕ್ಕಟೆ ಅಕ್ಕಿ, ಪುಕ್ಕಟೆ ಬಸ್ಸಿಗೆ ಮತ ಮಾರಿಕೊಳ್ಳುವವರು" ಎಂಬ ಬರಹ. ಪೀರಪ್ಪನವರ ಮಗ ಪ್ರೇಮಕುಮಾರ, ಬ್ಯಾಂಕಿನಲ್ಲಿ ಕೆಲಸಕ್ಕಿರುವವನು, ಒಂದು ಕಾಲಕ್ಕೆ ಮಲ್ಲುವಿನ ಜೊತೆ ಒಂದೇ ಬೆಂಚಿನಲ್ಲಿ ಕೂತವನು, "ಇದು ಯಾರಿಗೆ ಅಂದದ್ದು?" ಎಂದು ಕೇಳಿದ. "ಕುಂಬಳಕಾಯಿ ಕಳ್ಳ ಅಂದ್ರ ನೀ ಯಾಕ ಹೆಗಲು ಮುಟ್ಟಿ ನೋಡ್ಕೋತಿ" ಎಂದು ಮಲ್ಲು ಬರೆದ. "ದೇವರ ಹೆಸರಿಗೆ ಮತ ಮಾರಿಕೊಂಡವರು ಅಕ್ಕಿಯ ಮಾತು ಆಡಬಾರದು" ಎಂದು ಪ್ರೇಮಕುಮಾರ. ಹೀಗೆ ಒಂದು ತಾಸು ನಡೆಯಿತು. ಕೊನೆಗೆ ಮಲ್ಲು ಬರೆದ: "ಇಪ್ಪತ್ತೈದು ವರ್ಷ ನಮ್ಮ ಮನಿ ಹೋಳಿಗಿ ತಿಂದವರಿಗಿ ಇಷ್ಟು ಸೊಕ್ಕು ಇರಬಾರದು." ಅದಕ್ಕೆ ಪ್ರೇಮಕುಮಾರನ ಉತ್ತರ ಒಂದೇ ಸಾಲು: "ಯಾವ ತಾಟಿನಲ್ಲಿ ತಿಂದರು ಅಂತ ನಿನ್ನ ತಾಯಿಯವರನ್ನ ಕೇಳು."

ಆ ಸಾಲನ್ನೇ ಮಲ್ಲು ಈಗ ತಾಯಿಯ ಮುಂದೆ ಹಿಡಿದ.

"ಯವ್ವಾ, ಏನಿದು ತಾಟಿಂದು?" ಮಲ್ಲು ಕೇಳಿದ.

ವಿಮಲಾಬಾಯಿ ಹಂಚಿನ ಮೇಲಿನ ರೊಟ್ಟಿಗೆ ನೀರು ಸವರಿದರು. "ನನಗೇನ್ ಗೊತ್ತಪ. ಎಲ್ಲಾರಿಗಿ ಹ್ಯಾಂಗ ಬಡಸ್ತೀನಿ ಅವರಿಗೂ ಹಂಗೇ."

"ಬ್ಯಾರೆ ತಾಟು ಇಟ್ಟಿದ್ದಿಲ್ಲಲ?"

"ಇಲ್ಲ."

ಮಲ್ಲು ಅಲ್ಲೇ ನಿಂತು ಬೆರಳಾಡಿಸಿದ. "ನಮ್ಮ ತಾಯಿಯವರನ್ನ ಕೇಳೀನಿ. ಇದು ಶುದ್ಧ ಸುಳ್ಳು. ಪ್ರೇಮಕುಮಾರ ಇದೇ ಗುಂಪಿನಲ್ಲಿ ಮಾಫಿ ಕೇಳಬೇಕು." ಗುಂಪಿನಲ್ಲಿ ನಲವತ್ತಮೂರು ಜನ. ವಿಮಲಾಬಾಯಿಯವರ ಕೈಯ ಊಟ ಉಣ್ಣದವರು ಅದರಲ್ಲಿ ಯಾರೂ ಇರಲಿಲ್ಲ. ಮಧ್ಯಾಹ್ನದ ಹೊತ್ತಿಗೆ ಒಬ್ಬೊಬ್ಬರಾಗಿ ಬರೆಯತೊಡಗಿದರು: ಆ ತಾಯಿಯ ಮೇಲೆ ಇಂಥ ಅಪವಾದವೇ? ಪ್ರೇಮಕುಮಾರ ಮಾಫಿ ಕೇಳಲಿಲ್ಲ. ಸಂಜೆಗೆ, ಗುಂಪು ನಡೆಸುವ ನಿವೃತ್ತ ತಹಸೀಲ್ ಗುಮಾಸ್ತ ದೇವಿಂದ್ರಪ್ಪ ಅವನನ್ನು ಹೊರಗೆ ಹಾಕಿದ.

"ಆಯಿ, ಪ್ರೇಮ್ ಕಾಕಾನ್ನ ಗುಂಪಿನಿಂದ ತೆಗದ್ರು" ಎಂದು ಮೊಮ್ಮಗಳು ಸೃಷ್ಟಿ ಬಂದು ಹೇಳಿದಳು. ಅವಳು ಡಿಗ್ರಿ ಎರಡನೇ ವರ್ಷ.

"ಹ್ಞೂಂ" ಎಂದು ವಿಮಲಾಬಾಯಿ ಬೇಳೆ ಒಲೆಗಿಟ್ಟರು.

ತಾಟು ಇತ್ತು. ಅಡುಗೆಮನೆಯ ಅಟ್ಟದ ಮೇಲೆ, ಹಿತ್ತಾಳೆಯ ಹಂಡೆಯ ಹಿಂದೆ, ಹಳೆಯ ಸೀರೆಯ ತುಂಡಿನಲ್ಲಿ ಸುತ್ತಿ ಇಟ್ಟಿತ್ತು. ಆ ಮನೆಯ ಪ್ರತಿ ಪಾತ್ರೆಯ ಅಂಚಿಗೂ ಅಂಗಡಿಯಲ್ಲಿ ಕೊರೆಸಿದ ಚುಕ್ಕಿಯಕ್ಷರಗಳಿದ್ದವು: "ಸೌ. ವಿಮಲಾಬಾಯಿ". ಚಮಚೆಯನ್ನೂ ಬಿಟ್ಟಿರಲಿಲ್ಲ. ಆ ತಾಟಿಗೆ ಮಾತ್ರ ಹೆಸರಿರಲಿಲ್ಲ.

ಮೊದಲ ಸಲ ಕಲ್ಯಾಣಪ್ಪನವರು ಪೀರಪ್ಪನವರನ್ನು ಊಟಕ್ಕೆ ಕರೆದಾಗ ಅತ್ತೆ ಬದುಕಿದ್ದರು. "ಉಣ್ಣಲಿ, ಪಡಸಾಲ್ಯಾಗೇ ಉಣ್ಣಲಿ, ಬ್ಯಾಡ ಅನ್ನಲ್ಲ. ತಾಟು ಮಾತ್ರ ಬ್ಯಾರೆ ಇರ್ಲಿ" ಎಂದಿದ್ದರು. ವಿಮಲಾಬಾಯಿ ಅದೇ ದಿನ ಸೂಪರ್ ಮಾರ್ಕೆಟ್ಟಿಗೆ ಹೋಗಿ ಒಂದು ತಾಟು, ಒಂದು ಗ್ಲಾಸು ಕೊಂಡರು. "ಹೆಸರು ಏನಂತ ಹಾಕ್ಲಿ ಬಾಯಾರ?" ಎಂದು ಅಂಗಡಿಯವನು ಕೇಳಿದ್ದ. "ಬ್ಯಾಡ, ಹಂಗೇ ಇರ್ಲಿ" ಎಂದಿದ್ದರು. ಏಳು ವರ್ಷದ ನಂತರ ಅತ್ತೆ ತೀರಿಕೊಂಡರು. ಕೇಳುವವರು ಯಾರೂ ಉಳಿಯಲಿಲ್ಲ. ಕರಾರಿನ ಊಟಕ್ಕೆ ಎದುರು ಮನೆಯಿಂದ ಬರುತ್ತಿದ್ದವರು ಪೀರಪ್ಪನವರೊಬ್ಬರೇ. ತಾಟು ಮಾತ್ರ ಗೆದ್ದಾಗಲೆಲ್ಲ ಅಟ್ಟದಿಂದ ಇಳಿಯಿತು, ಬೇರೆಯಾಗಿ ತೊಳೆಸಿಕೊಂಡಿತು, ಮತ್ತೆ ಅಟ್ಟ ಸೇರಿತು.

ಸೋತಾಗ ಮನೆಮಂದಿಯೆಲ್ಲ ಎದುರು ಮನೆಗೆ ಉಣ್ಣಲು ಹೋಗುತ್ತಿದ್ದರು. ವಿಮಲಾಬಾಯಿಯವರಿಗೆ ಪ್ರತಿ ಸಲ ಆ ದಿನವೇ ಉಪವಾಸ ಬರುತ್ತಿತ್ತು. ಪೀರಪ್ಪನವರ ಹೆಂಡತಿ ಗುಂಡಮ್ಮ ಡಬ್ಬಿಯಲ್ಲಿ ನಾಲ್ಕು ಹೋಳಿಗೆ ಕಟ್ಟಿ ಕಳಿಸುತ್ತಿದ್ದರು. ಸಂಜೆಗೆ ಓಣಿಯ ಆಕಳು ಅವನ್ನು ತಿನ್ನುತ್ತಿತ್ತು. ಡಬ್ಬಿ ತೊಳೆದು, ಬರಿದಾಗಿ ಕಳಿಸಬಾರದೆಂದು ಸಕ್ಕರೆ ಹಾಕಿ, ಹಿಂದಕ್ಕೆ ಕಳಿಸುತ್ತಿದ್ದರು.

ಮತದಾನದ ಮರುದಿನ ಎದುರು ಮನೆಯ ಮುಂದೆ ಆಟೋ ನಿಂತಿತು. ಪೀರಪ್ಪನವರು ಎರಡು ಚೀಲ ಒಳಗಿಟ್ಟು ಕೂತರು. ಗುಂಡಮ್ಮ ಗೇಟಿನಲ್ಲಿದ್ದ ಸೃಷ್ಟಿಯ ಕೆನ್ನೆ ಮುಟ್ಟಿ, "ಕಮಲಾಪುರದಾಗ ನಮ್ಮ ಹಳೀ ಮನಿ ಖಾಲಿ ಬಿದ್ದದವ್ವಾ. ಸ್ವಲ್ಪ ದಿನ ಇದ್ದು ಬರ್ತೀವಿ" ಎಂದರು. ಬಾಗಿಲಲ್ಲಿದ್ದ ವಿಮಲಾಬಾಯಿಯವರ ಕಡೆ ನೋಡಲಿಲ್ಲ. ಕಲ್ಯಾಣಪ್ಪನವರು ಕಟ್ಟೆಯಿಂದ ಎದ್ದು ನಿಲ್ಲುವಷ್ಟರಲ್ಲಿ ಆಟೋ ತಿರುವು ದಾಟಿತ್ತು.

ಅಂದಿನಿಂದ ಪೇಪರು ಓದುವ ಕೆಲಸ ಸೃಷ್ಟಿಗೆ ಬಂತು. ಅವಳು ತಲೆಬರಹ ಓದಿ ಮುಗಿಸುತ್ತಿದ್ದಳು.

"ಪೀರಪ್ಪ ಇದ್ರ ಒಳಗಿಂದೂ ಓದ್ತಿದ್ದ" ಎಂದು ಅಜ್ಜ ಊಟಕ್ಕೆ ಕೂತಾಗ ಗೊಣಗಿದರು.

"ಹಗಲೆಲ್ಲ ಪೀರಪ್ಪ, ಪೀರಪ್ಪ" ಎಂದ ಮಲ್ಲು. "ಅಪ್ಪಾ, ಅವರ ಮಗ ನಮ್ಮವ್ವನ ಮ್ಯಾಲ ನಲವತ್ತು ಮಂದಿ ಮುಂದ ಸುಳ್ಳ ಹೇಳ್ಯಾನ."

"ಮಗ ಹೇಳ್ಯಾನ. ಪೀರಪ್ಪ ಹೇಳಿಲ್ಲ. ಅವನ ಕೂಡ ನಾ ದಿನಾ ಜಗಳಾಡೀನಿ. ಒಮ್ಮಿನೂ ನನಗ ನೀವು ಸುಳ್ಳ ಹೇಳ್ತೀರಿ ಅಂದಿಲ್ಲ. ತಪ್ಪು ತಿಳ್ಕೊಂಡೀರಿ ಅಂದಾನ."

"ಆ ಕಾಲ ಹೋಯ್ತು. ಈಗ ಸುಮ್ಮನಿದ್ರ ಕೈಲಾಗದವರು ಅಂತಾರ."

ಸೃಷ್ಟಿ ರೊಟ್ಟಿ ಮುರಿಯುತ್ತ ಕೇಳಿದಳು: "ಪಪ್ಪಾ, ಅಂಗಡಿಗಿ ಬಂದ ಗಿರಾಕಿಗಿ ನೀವು ಯಾವ ಪಕ್ಷ ಅಂತ ಕೇಳ್ತೀರೇನು?"

"ದುಕಾನ್ ಬ್ಯಾರೆ, ದೇಶ ಬ್ಯಾರೆ."

"ಹಂಗಾದ್ರ ದೇಶಕ್ಕಿಂತ ಗಿರಾಕಿಗೇ ಮರ್ಯಾದಿ ಭಾಳ ಅಂದಂಗಾತು."

ಕಲ್ಯಾಣಪ್ಪನವರು ನಕ್ಕರು. ಮಲ್ಲು ನಗಲಿಲ್ಲ. ತಾಟಿನಲ್ಲೇ ಕೈ ತೊಳೆದು ಎದ್ದ. "ಕಾಲೇಜಿಗಿ ಕಳಸಿದ್ದು ಇದಕ್ಕೇನು?" ಎಂದು ಹೆಂಡತಿಯನ್ನು ಕೇಳಿದ. ಅವಳು ಶಾಲೆಯ ಟೀಚರ್. ಉತ್ತರ ಪತ್ರಿಕೆಗಳ ಕಟ್ಟಿನಿಂದ ತಲೆ ಎತ್ತದೆ, "ಮಗಳು ನಿಮ್ಮಾಕಿ, ನೀವೇ ಕೇಳ್ರಿ" ಎಂದಳು.

ವಿಮಲಾಬಾಯಿ ತಾಟುಗಳನ್ನು ಎತ್ತಿದರು. ಐದು ತಾಟು, ಐದರ ಮೇಲೂ ಅವರ ಹೆಸರು.

ಜೂನ್ ಮೊದಲ ವಾರ ಮತ ಎಣಿಕೆಯಾಯಿತು. ಕ್ಷೇತ್ರದಲ್ಲಿ ಪೀರಪ್ಪನವರ ಪಕ್ಷ ಗೆದ್ದಿತು. ಮಲ್ಲು ಟಿವಿ ಆರಿಸಿ ಅಂಗಡಿಗೆ ಹೋದ. ಕಲ್ಯಾಣಪ್ಪನವರಿಗೆ ಮಾತ್ರ ಸೋತ ಬೇಸರ ಒಂದು ತಾಸೂ ಇರಲಿಲ್ಲ. "ಪೀರಪ್ಪ ಈಗ ಬರಬೇಕಾಗ್ತದ. ಗೆದ್ದವರೇ ಕರೀಬೇಕು" ಎಂದು ಧೋತರ ಇಸ್ತ್ರಿ ಮಾಡಿಸಿ ಇಟ್ಟರು.

ಮೊದಲ ಆದಿತ್ಯವಾರ ಕರೆ ಬರಲಿಲ್ಲ. ಎರಡನೆಯದೂ ಹೋಯಿತು. ಎದುರು ಮನೆಯಲ್ಲಿ ಪ್ರೇಮಕುಮಾರ ಬೆಳಗ್ಗೆ ಹೆಲ್ಮೆಟ್ ಹಾಕಿಕೊಂಡೇ ಬಾಗಿಲಿನಿಂದ ಹೊರಬೀಳುತ್ತಿದ್ದ. ಓಣಿಯವರ ಮುಖ ನೋಡುವ ಪ್ರಸಂಗವೇ ಬರದಂತೆ.

"ನೀವೇ ಒಂದು ಫೋನ್ ಹಚ್ಚ್ರಿ" ಎಂದರು ವಿಮಲಾಬಾಯಿ.

"ಸೋತವ ಕರದು ಉಣ್ಣೋದು ಎಲ್ಲಿದ್ದೀತು? ಕರಾರು ಕರಾರೇ." ಕಲ್ಯಾಣಪ್ಪನವರ ದನಿ ಕುಗ್ಗಿತ್ತು. "ಅವನಿಗಿ ಏನೋ ಭಾಳ ನೋವಾಗ್ಯದ."

"ಕರದ್ರೂ ಹೋಗೋದು ಬ್ಯಾಡ" ಎಂದ ಮಲ್ಲು, ಬೂಟಿನ ಲೇಸು ಕಟ್ಟುತ್ತ. "ನಮ್ಮ ಮನಿಗಿ ಇಜ್ಜತ್ ಅದನೋ ಇಲ್ಲೋ?"

ಕಾರಹುಣ್ಣಿಮೆಯ ಹಿಂದಿನ ದಿನ ಹೋಳಿಗೆಗೆ ದೊಡ್ಡ ಪಾತ್ರೆ ಬೇಕಾಯಿತು. ಸೃಷ್ಟಿ ಸ್ಟೂಲು ಹಾಕಿ ಅಟ್ಟಕ್ಕೆ ಕೈ ಹಾಕಿದಳು. ಹಂಡೆ ಸರಿಸಿದಾಗ ಸೀರೆಯ ಗಂಟು ಕೈಗೆ ಬಂತು. ಬಿಚ್ಚಿದಳು. ತಾಟನ್ನು ತಿರುಗಿಸಿ ಅಂಚು ನೋಡಿದಳು, ಮತ್ತೊಂದು ಸುತ್ತು ತಿರುಗಿಸಿದಳು.

"ಆಯಿ, ಇದಕ್ಕ ಯಾಕ ಹೆಸರಿಲ್ಲ?"

ವಿಮಲಾಬಾಯಿ ಕಡಲೆಬೇಳೆ ತೊಳೆಯುತ್ತಿದ್ದರು. ನೀರು ಚೆಲ್ಲಿ ಮತ್ತೆ ನೀರು ಹಾಕಿದರು.

"ಆಯಿ, ಇದೇ ಏನು?"

"ಕೆಳಗ ಇಳಿ ಮೊದಲ. ಬಿದ್ದೀ."

"ಇದೇ ಏನು ಹೇಳು. ನೀ ಪಪ್ಪಗ ಇಲ್ಲ ಅಂದಿ. ಪಪ್ಪಾ ಮಂದಿಗಿ ಹೇಳ್ದ. ಪ್ರೇಮ್ ಕಾಕಾ ಸುಳ್ಳ ಅಂತ ಎಲ್ಲಾರೂ ಅಂದ್ರು. ನಾನೂ ಅಂದೆ ಆಯಿ. ನಮ್ಮ ಕ್ಲಾಸಿನವರಿಗಿ ಹೇಳೀನಿ, ನಮ್ಮ ಆಯಿ ಅಂಥಾಕಿ ಅಲ್ಲ ಅಂತ."

"ಅತ್ತಿ ಇದ್ದಾಗಿಂದು ಅದು. ಆಗಿನ ಕಾಲ ಹಂಗ ಇತ್ತು."

"ಹೋದ ಸಲ ನಮ್ಮವರು ಗೆದ್ದಾಗ ನಾನೇ ಬಡಸೀನಲ್ಲ, ಆಗ ಯಾವ ಕಾಲ? ನನ್ನ ಕೈಯಾಗೇ ಕೊಟ್ಟಿದ್ದಿ ನೀನು. ಇದು ಪೀರಪ್ಪ ಮುತ್ಯಾಂದು, ಅಲ್ಲಿಡು ಅಂದಿ."

ವಿಮಲಾಬಾಯಿಯವರ ಕೈ ನಿಂತಿತು. ಬಾಗಿಲ ಚೌಕಟ್ಟು ಹಿಡಿದು ಕಲ್ಯಾಣಪ್ಪನವರು ನಿಂತಿದ್ದುದು ಆಗ ಕಂಡಿತು. ಅವರು ಕೈಚಾಚಿ ತಾಟು ತೆಗೆದುಕೊಂಡರು. ಕಣ್ಣಿಗೆ ಸರಿಯಾಗಿ ಕಾಣದೆ ಹೆಬ್ಬೆರಳಿನಿಂದ ಅಂಚು ಸವರಿದರು.

"ಎರಡನೇ ಸಲದ ಊಟಕ್ಕೇ ನೋಡಿದ್ದೆ" ಎಂದರು.

"ನೋಡಿದ್ರಿ?" ಎಂದರು ವಿಮಲಾಬಾಯಿ. "ಮತ್ತ ಒಂದ್ ಮಾತು ಅನಲಿಲ್ಲ?"

"ಮನ್ಯಾಗ ಜಗಳ ಯಾಕ ಅಂತ ಬಿಟ್ಟೆ."

ಸೃಷ್ಟಿ ಇಬ್ಬರನ್ನೂ ನೋಡಿದಳು. "ಊರ ಜಗಳ ಎಲ್ಲಾ ಕಟ್ಟಿ ಮ್ಯಾಲ ತಂದೀರಿ ಮುತ್ಯಾ. ಇದೊಂದು ತರಲಿಲ್ಲ?"

ಬೇಳೆ ಬೇಯಿಸುವ ಕೆಲಸವಿತ್ತು. ಮೂವರೂ ಅದನ್ನೇ ಮಾಡಿದರು.

ಹಬ್ಬ ಮುಗಿದ ಮೇಲೆ ಮಂಗಳವಾರ ವಿಮಲಾಬಾಯಿ ಮೊಮ್ಮಗಳನ್ನು ಕರೆದುಕೊಂಡು ಕಮಲಾಪುರದ ಮೇಲೆ ಹೋಗುವ ಹುಮನಾಬಾದ್ ಬಸ್ಸು ಹತ್ತಿದರು. ಮಲ್ಲುವಿಗೆ ಕಣ್ಣಿನ ಡಾಕ್ಟರ ಹತ್ತಿರ ಹೋಗುತ್ತೇವೆ ಎಂದು ಹೇಳಿದ್ದರು. ಕಂಡಕ್ಟರ್ ಇಬ್ಬರ ಆಧಾರ್ ಕಾರ್ಡು ನೋಡಿ ಶೂನ್ಯದ ಟಿಕೆಟ್ ಹರಿದುಕೊಟ್ಟ.

"ಪುಕ್ಕಟೆ ಬಸ್ಸು ಆಯಿ" ಎಂದು ಸೃಷ್ಟಿ ಕಿವಿಯಲ್ಲಿ ಹೇಳಿದಳು. "ಪಪ್ಪಗ ಹೇಳಬ್ಯಾಡ, ನಮ್ಮ ಚಿತ್ರನೂ ಹಾಕ್ಯಾನು."

ವಿಮಲಾಬಾಯಿ ನಗಲಿಲ್ಲ. ತೊಡೆಯ ಮೇಲಿದ್ದ ಚೀಲವನ್ನು ಎರಡೂ ಕೈಯಿಂದ ಹಿಡಿದಿದ್ದರು. ಅದರಲ್ಲಿ ತಾಟಿತ್ತು.

ಕಮಲಾಪುರದ ನಿಲ್ದಾಣದ ಹೊರಗೆ ಕೆಂಪು ಬಾಳೆಹಣ್ಣಿನ ಗೊನೆಗಳು ತೂಗುತ್ತಿದ್ದವು. ಒಂದು ಡಜನ್ ಕೊಂಡು, ವಿಹಾರದ ಹಿಂದಿನ ಓಣಿ ಕೇಳಿಕೊಂಡು ಹೋದರು. ಗುಂಡಮ್ಮ ಹೊರಗೆ ನೆರಳಿನಲ್ಲಿ ಕೂತು ಮೊರದಲ್ಲಿ ತೊಗರಿಬೇಳೆ ಹಸನು ಮಾಡುತ್ತಿದ್ದರು. ಎದ್ದು ನಿಂತರು.

"ಬರ್ರಿ ಅಕ್ಕಾರ. ಅವರು ಹೊಲದ ಕಡಿ ಹೋಗ್ಯಾರ." ಚಾಪೆ ಹಾಸಿದರು. ನೀರು ತಂದಿಟ್ಟರು. "ಇವತ್ತು ಯಾವ ವಾರ?"

"ಮಂಗಳವಾರ."

"ಉಪವಾಸ ಏನು?"

"ಇಲ್ಲ" ಎಂದು ವಿಮಲಾಬಾಯಿ ತಂಬಿಗೆ ಎತ್ತಿ ನೀರು ಕುಡಿದರು. ಗುಂಡಮ್ಮ ಅದನ್ನು ನೋಡಿದರು, ಮತ್ತೆ ಮೊರಕ್ಕೆ ಕೈ ಹಾಕಿದರು.

ವಿಮಲಾಬಾಯಿ ಚೀಲದಿಂದ ತಾಟು ತೆಗೆದು ಚಾಪೆಯ ಮೇಲಿಟ್ಟರು. "ಗುಂಡಮ್ಮ, ಪ್ರೇಮ್ಯಾ ಬರದದ್ದು ಖರೆ. ಇದು..."

"ಗೊತ್ತದರಿ. ಮೊದಲನೇ ದಿನಾನೇ ಅವರು ಮನಿಗಿ ಬಂದು ಹೇಳಿದ್ರು, ಸಾವ್ಕಾರ್ರ ಮನ್ಯಾಗ ಎಲ್ಲಾ ತಾಟಿಗೂ ಹೆಸರದ, ನಂದೊಂದಕ್ಕಿಲ್ಲ ಅಂತ. ಇನ್ನೊಮ್ಮಿ ಹೋಗಬ್ಯಾಡ್ರಿ ಅಂದೆ. ಪೇಪರ್ ಓದೋರು ಅವರು, ಕೇಳ್ಳಿಲ್ಲ." ಒಂದು ಕಲ್ಲು ಹೆಕ್ಕಿ ಬಿಸಾಕಿದರು. "ಇದನ್ನ ಯಾಕ ಹೊತ್ತು ತಂದ್ರಿ? ನಮ್ಮನ್ಯಾಗ ತಾಟಿಲ್ಲೇನು?"

"ತಪ್ಪಾತು ಅನ್ನಾಕ ಬಂದೀನಿ."

"ನಾನೂ ಬ್ಯಾರೆ ಬಾಂಡೆ ಇಟ್ಟೀನ್ರಿ ಅಕ್ಕಾರ. ಕಾಲೋನಿ ಮನ್ಯಾಗ ಮ್ಯಾಲಿನ ಖಾನ್ಯಾಗ ಅವ, ಪ್ರೇಮ್ಯಾನ ಹೆಂಡ್ತಿನ್ನ ಕೇಳ್ರಿ. ಬೋಗುಣಿ, ಹಂಚು, ಆರು ತಾಟು. ನೀವು ಬರೋದಿದ್ರ ಎಂಟು ದಿನ ಮೊದಲ ನಮ್ಮನ್ಯಾಗ ತತ್ತಿನೂ ಒಡೀತಿದ್ದಿಲ್ಲ. ನಿಮ್ಮ ಬಾಯಿಗಿ ನಮ್ಮ ಮಾಂಸದ ವಾಸನಿ ಹತ್ತಬಾರದು ಅಂತ. ನಿಮ್ಮದೂ ಬ್ಯಾರೆ, ನಮ್ಮದೂ ಬ್ಯಾರೆ. ಎರಡೂ ಒಂದೇ ಏನು?"

ವಿಮಲಾಬಾಯಿ ಸೆರಗಿನಿಂದ ಮುಖ ಒರೆಸಿದರು. "ಅಲ್ಲ."

"ಅಲ್ಲ. ಹ್ಞಾಂ." ಗುಂಡಮ್ಮ ಮೊರ ಕೆಳಗಿಟ್ಟರು. ದನಿ ಏರಿರಲಿಲ್ಲ. "ಅದರ ಮಾತು ಹೋಗ್ಲಿ. ಇಪ್ಪತ್ತೈದು ವರ್ಷ ನುಂಗೀವಿ, ಇನ್ನೂ ನುಂಗತಿದ್ವಿ. ನನ್ನ ಮಗ ಖರೆ ಹೇಳಿದ, ನೀವು ಇಲ್ಲ ಅಂದ್ರಿ, ಅವ ಸುಳ್ಳಗಾರ ಆದ. ಅದು ನುಂಗಾಕ ಆಗಲಿಲ್ಲ. ಇಲ್ಲಿ ಬಂದು ನನಗ ಹೇಳಿದ್ರ ಏನ್ ಬಂತ್ರಿ? ನನಗ ಗೊತ್ತದ. ಗೊತ್ತಿಲ್ಲದವರಿಗಿ ಹೇಳ್ರಿ."

ಸೃಷ್ಟಿ ತಾಟನ್ನು ಮತ್ತೆ ಚೀಲಕ್ಕೆ ಹಾಕಿದಳು. ಹೊರಡುವಾಗ ಗುಂಡಮ್ಮ ಬಾಳೆಹಣ್ಣಿನಲ್ಲಿ ಅರ್ಧ ಡಜನ್ ಮುರಿದು ಅವಳ ಕೈಗೆ ತಿರುಗಿ ಕೊಟ್ಟರು. "ಬಸ್ಸಿನ್ಯಾಗ ತಿನ್ರಿ. ಬಾಯಿ ಒಣಗ್ತದ."

ಬಸ್ಸಿನಲ್ಲಿ ವಿಮಲಾಬಾಯಿ ಸಿಪ್ಪೆ ಸುಲಿದು ಒಂದು ತಿಂದರು.

ಮರುದಿನ ಬೆಳಗಿನ ನಾಷ್ಟಾಕ್ಕೆ ಮಲ್ಲು ಕೂತಿದ್ದಾಗ ಅವರು ಹೆಸರಿಲ್ಲದ ತಾಟನ್ನು ಅವನ ಮುಂದೆ ಇಟ್ಟು ಎಲ್ಲ ಹೇಳಿದರು. ಮಲ್ಲು ಮಂಡಕ್ಕಿ ಸುಸಲಾ ತುಂಬಿದ ಚಮಚೆ ಕೆಳಗಿಟ್ಟ.

"ಯವ್ವಾ, ಇದನ್ನ ಆಗಲೇ ಹೇಳಿದ್ರ ನಾ ಬರೀತಿದ್ದಿಲ್ಲ."

"ಹೇಳಲಿಲ್ಲ. ನಂದೇ ತಪ್ಪು. ಈಗ ನೀ ಬರಿ. ನಮ್ಮವ್ವ ಸುಳ್ಳ ಹೇಳಿದ್ಲು ಅಂತ ಬರಿ."

"ಹುಚ್ಚು ಹಿಡದದೇನು? ಎಲೆಕ್ಷನ್ ಮುಗದದ. ಎಲ್ಲಾರೂ ಮರತಾರ."

"ಪ್ರೇಮ್ಯಾ ಮರತಾನೇನು?"

"ಅವನ ಪಕ್ಷದವರು ಇದನ್ನೇ ಹಿಡ್ಕೊಂಡು ಕುಣೀತಾರ. ನೋಡ್ರಿ ಇವರ ಬಣ್ಣ ಅಂತಾರ. ಒಂದು ತಾಟಿಗಿ ಇಷ್ಟು ಮಂದಿ ಮುಂದ..."

"ಪಕ್ಷ ಯಾಕ ತರ್ತೀ ಮಲ್ಲು? ತಾಟು ಇಟ್ಟಾಕಿ ನಾನು, ನಿನ್ನ ಪಕ್ಷ ಅಲ್ಲ."

"ನಾ ಬರಿಯಲ್ಲ" ಎಂದು ಅವನು ಎದ್ದು ಸ್ಕೂಟರಿನ ಕೀಲಿ ತೆಗೆದುಕೊಂಡ.

ವಿಮಲಾಬಾಯಿಯವರಿಗೆ ಫೋನಿನಲ್ಲಿ ಬರೆಯಲು ಬರುತ್ತಿರಲಿಲ್ಲ. ಮಾತಾಡಿ ಕಳಿಸಲು ಸೃಷ್ಟಿ ಹಿಂದೆಯೇ ಕಲಿಸಿದ್ದಳು. ತಂಗಿಗೆ ಉಪ್ಪಿನಕಾಯಿಯ ಹದ ಹೇಳಿ ಕಳಿಸುತ್ತಿದ್ದರು. ಕಟ್ಟೆಗೆ ಬಂದು ಗಂಡನ ಪಕ್ಕ ಕೂತರು. ಗುಂಪು ತೆಗೆದು ಕೊಡು ಎಂದು ಮೊಮ್ಮಗಳಿಗೆ ಹೇಳಿ, ಫೋನನ್ನು ತುಟಿಯ ಹತ್ತಿರ ಹಿಡಿದರು.

"ನಾ ಕಲ್ಯಾಣಪ್ಪನವರ ಮನಿಯಾಕಿ ವಿಮಲಾಬಾಯಿ ಮಾತಾಡಾಕತ್ತೀನ್ರಿ. ಪ್ರೇಮಕುಮಾರ ಬರದದ್ದು ಖರೆ ಅದ. ಅವರಪ್ಪಗ ನಾ ಬ್ಯಾರೆ ತಾಟು ಇಟ್ಟಿದ್ದೆ. ಇಪ್ಪತ್ತೈದು ವರ್ಷ ಇಟ್ಟಿದ್ದೆ. ನನ್ನ ಮಗ ಕೇಳಿದಾಗ ಇಲ್ಲ ಅಂದೆ. ಸುಳ್ಳ ಹೇಳ್ದಾಕಿ ನಾನು, ಅಂವ ಅಲ್ಲ. ಇಷ್ಟ ರೀ."

ಬೆರಳು ಬಿಟ್ಟರು. ಹೋಯಿತು. ಮಲ್ಲು ಗೇಟಿನಲ್ಲಿ ಸ್ಕೂಟರು ಹಿಡಿದು ನಿಂತಿದ್ದ. ಅವನ ಜೇಬಿನಲ್ಲಿ ಫೋನು ಟಿಣ್ ಎಂದಿತು.

"ಸೂಪರ್ ಮಾರ್ಕೆಟ್ಟಿನ್ಯಾಗ ನಾ ತಲಿ ಎತ್ತಿ ತಿರುಗಬೇಕೋ ಬ್ಯಾಡೋ ಯವ್ವಾ?"

"ಅವ ಎರಡು ತಿಂಗಳು ತಲಿ ತಗ್ಗಿಸಿ ತಿರುಗ್ಯಾನ. ನೋಡಿ ಬಾ, ಅವನಿಗಿ ಏನಾಗ್ಯದ" ಎಂದರು ವಿಮಲಾಬಾಯಿ. ಕಲ್ಯಾಣಪ್ಪನವರು ಫೋನು ತೆಗೆದುಕೊಂಡು ಮಡಚಿದ ಪೇಪರಿನ ಮೇಲಿಟ್ಟರು.

ಮಧ್ಯಾಹ್ನ ಎರಡು ಗಂಟೆಗೆ ದೇವಿಂದ್ರಪ್ಪ "ಮನೆಯ ವಿಷಯಗಳನ್ನು ದಯವಿಟ್ಟು ಗುಂಪಿನಲ್ಲಿ ತರಬಾರದು" ಎಂದು ಬರೆದ. ಪ್ರೇಮಕುಮಾರನನ್ನು ಮತ್ತೆ ಸೇರಿಸಲಿಲ್ಲ. ಆದರೆ ಯಾರೋ ಅವನಿಗೆ ಮುಟ್ಟಿಸಿದ್ದರು. ಸಂಜೆ ತುಳಸಿಗೆ ನೀರು ಹಾಕುವಾಗ ಎದುರು ಮನೆಯ ಕಿಟಕಿಯಿಂದ ತಮ್ಮದೇ ದನಿ ಕೇಳಿ ವಿಮಲಾಬಾಯಿ ನಿಂತರು. "ಸುಳ್ಳ ಹೇಳ್ದಾಕಿ ನಾನು, ಅಂವ ಅಲ್ಲ." ಮುಗಿಯಿತು. ಸ್ವಲ್ಪ ಹೊತ್ತಿನ ಮೇಲೆ ಮತ್ತೊಮ್ಮೆ ಮೊದಲಿನಿಂದ ಶುರುವಾಯಿತು.

ಮಲ್ಲು ಎಂಟು ದಿನ ಮನೆಯಲ್ಲಿ ಉಣ್ಣಲಿಲ್ಲ. ಅಂಗಡಿಯ ಹತ್ತಿರದ ಖಾನಾವಳಿಯಲ್ಲಿ ಉಂಡು ಬರುತ್ತಿದ್ದ, ತಾಯಿಯ ಜೊತೆ ಮಾತಾಡುತ್ತಿರಲಿಲ್ಲ. ಓಣಿಯ ಇಬ್ಬರು ಹೆಂಗಸರು ಸಂಜೆಯ ಮಾತಿಗೆ ಬರುವುದನ್ನು ಬಿಟ್ಟರು. ಹೆಸರಿಲ್ಲದ ತಾಟನ್ನು ಸೃಷ್ಟಿ ಮಿಕ್ಕ ತಾಟುಗಳ ರಾಶಿಯಲ್ಲಿ ಸೇರಿಸಿದ್ದಳು. ಯಾರ ಕೈಗೆ ಬಂದರೆ ಅವರದು. ಒಂಬತ್ತನೆಯ ದಿನ ಮಲ್ಲು ಅಡುಗೆಮನೆಗೆ ಬಂದು, ಕೈಗೆ ಸಿಕ್ಕ ತಾಟು ತೆಗೆದುಕೊಂಡು, ತಾನೇ ಬಡಿಸಿಕೊಂಡು ಕೂತ. ಅದೇ ತಾಟು. ಅವನು ಅಂಚು ನೋಡಿದನೋ ಇಲ್ಲವೋ, ವಿಮಲಾಬಾಯಿಯವರಿಗೆ ತಿಳಿಯಲಿಲ್ಲ. ಉಂಡು, ತೊಳೆದು, ರಾಶಿಯ ಮೇಲಿಟ್ಟು ಹೋದ.

ಜುಲೈ ಎರಡನೇ ವಾರ ಒಂದು ಮುಂಜಾನೆ ಕಟ್ಟೆಯ ಮೇಲೆ ಕೆಮ್ಮು ಕೇಳಿಸಿತು. ವಿಮಲಾಬಾಯಿ ಚಹಾದ ನೀರು ಇಡುತ್ತಿದ್ದವರು ಕಿಟಕಿಗೆ ಬಂದರು. ಪೀರಪ್ಪನವರು ತಮ್ಮ ತುದಿಗೆ ಕೂತಿದ್ದರು. ಕಲ್ಯಾಣಪ್ಪನವರು ಪೇಪರನ್ನು ಅವರ ಕಡೆ ಸರಿಸಿದರು. ಪೀರಪ್ಪನವರು ಬಿಚ್ಚಲಿಲ್ಲ.

"ನಿಮಗ ಗೊತ್ತಿತ್ತೇನ್ರಿ, ಕಲ್ಯಾಣಪ್ಪನವರ?"

ಸಾವ್ಕಾರ್ರ ಎನ್ನಲಿಲ್ಲ. ಅಷ್ಟು ವರ್ಷದಲ್ಲಿ ಅವರ ಬಾಯಲ್ಲಿ ಆ ಹೆಸರನ್ನು ವಿಮಲಾಬಾಯಿ ಕೇಳಿದ್ದು ಅದೇ ಮೊದಲು.

"ಗೊತ್ತಿತ್ತು" ಎಂದರು ಕಲ್ಯಾಣಪ್ಪನವರು.

"ದಿಲ್ಲಿಗಿ ಬೈಯಾಕ ಬಾಯಿ ಇತ್ತು ನಿಮಗ. ನಿಮ್ಮ ಅಡಗಿಮನಿಗಿ ಅನ್ನಾಕ ಇರಲಿಲ್ಲ."

"ಇರಲಿಲ್ಲ."

ಪೀರಪ್ಪನವರು ಕನ್ನಡಕ ತೆಗೆದು ಅಂಗಿಯ ತುದಿಯಿಂದ ಒರೆಸಿದರು. "ನನಗೂ ಇರಲಿಲ್ಲ ಬಿಡ್ರಿ. ಕೇಳಿದ್ರ ನೀವು ಎದ್ದು ಒಳಗ ಹೋಗ್ತಿದ್ರಿ. ನನಗ ಈ ಕಟ್ಟಿ ಹೋಗ್ತಿತ್ತು."

"ಹೋಗ್ತಿದ್ದಿಲ್ಲ ಪೀರಪ್ಪ..." ಕಲ್ಯಾಣಪ್ಪನವರು ನಿಲ್ಲಿಸಿದರು. "ಏನೋಪ. ಹೋಗ್ತಿದ್ನೇನೋ. ಖರೆ ಹೇಳಬೇಕಂದ್ರ ಗೊತ್ತಿಲ್ಲ."

"ಇದು ಮಾತು" ಎಂದು ಪೀರಪ್ಪನವರು ಪೇಪರು ಬಿಚ್ಚಿದರು. ಮೊದಲ ಸುದ್ದಿ ಓದಿದರು. ಕಲ್ಯಾಣಪ್ಪನವರು ಒಪ್ಪಲಿಲ್ಲ. ಪೀರಪ್ಪನವರು ಅದಕ್ಕೆ ಒಪ್ಪಲಿಲ್ಲ. ಹಳೆಯ ಜೋರು ಇನ್ನೂ ಬಂದಿರಲಿಲ್ಲ.

ವಿಮಲಾಬಾಯಿ ಚಹಾ ತಂದಿಟ್ಟಾಗ ಗುಂಡಮ್ಮ ರಸ್ತೆ ದಾಟಿ ಬಂದರು. ಒಳಗೆ ಬರಲಿಲ್ಲ, ಗೇಟಿನ ಮೇಲೆ ಕೈಯಿಟ್ಟು ನಿಂತರು.

"ಗೆದ್ದವರು ನಾವು. ಕರೀಬೇಕಾದವರೂ ನಾವು. ತಡ ಆಗ್ಯದ, ಆದ್ರೂ ಕರೀತೀನಿ. ಬರೋ ಆದಿತ್ಯವಾರ ಮಧ್ಯಾಹ್ನ." ವಿಮಲಾಬಾಯಿಯವರ ಮುಖ ನೋಡಿದರು. "ಪಂಚಾಂಗ ನೋಡೇ ದಿನ ಹಿಡದೀನ್ರಿ ಅಕ್ಕಾರ. ಅವತ್ತು ಯಾವ ಉಪವಾಸನೂ ಇಲ್ಲ."

"ಬರ್ತೀನಿ" ಎಂದರು ವಿಮಲಾಬಾಯಿ.

"ಎಷ್ಟು ಮಂದಿ?"

ಮಲ್ಲು ಬಾಗಿಲಿನಿಂದ ಹೊರಬಂದ. ಕಟ್ಟೆಯ ಮೇಲಿನ ಇಬ್ಬರನ್ನು ನೋಡಿದ, ಗೇಟಿನಲ್ಲಿದ್ದ ಗುಂಡಮ್ಮನವರನ್ನು ನೋಡಿದ. ಅವರು ಕೈ ತೆಗೆದು ದಾರಿ ಬಿಟ್ಟರು. ಅವನು ಸ್ಕೂಟರು ಹೊರಗೆ ತಳ್ಳಿ, ಚಾಲೂ ಮಾಡಿ ಹೋದ. ಎದುರು ಮನೆಯ ಬಾಗಿಲಲ್ಲಿ ಪ್ರೇಮಕುಮಾರ ಹೆಲ್ಮೆಟ್ಟನ್ನು ಕೈಯಲ್ಲಿ ಹಿಡಿದು ನಿಂತಿದ್ದ.

"ನಾಕು ಮಂದಿ ಅಂತ ಹಿಡೀರಿ" ಎಂದರು ವಿಮಲಾಬಾಯಿ, ನೆಲ ನೋಡುತ್ತ.

"ಐದು ಮಂದಿಗೇ ಹೂರಣ ರುಬ್ಬತೀನಿ" ಎಂದರು ಗುಂಡಮ್ಮ. "ಉಳದ್ರ ಓಣ್ಯಾಗ ಆಕಳ ಅದಲ್ರಿ."